ಇಪ್ಪತ್ತಮೂರು ಕೂಗಳತೆ

ನಮ್ಮೂರಿಗೆ ಹೊಸಬರು ಬಂದರೆ ಯಾವೂರು, ಯಾರ ಪೈಕಿ, ಊಟ ಆಯಿತೇ ಎಂದೆಲ್ಲ ಕೇಳುವುದು ಆಮೇಲೆ. ಮೊದಲು ಕೇಳುವುದು ಒಂದೇ ಮಾತು: ‘ನಿಮಗೆ ಗುಡಿ ಎಷ್ಟು ದೂರ?’ ಗುಡಿ ಎಂದರೆ ಕಣ್ಮುಚ್ಚಪ್ಪನ ಗುಡಿ. ಸಾವಿರದ ಚಿಲ್ಲರೆ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ಮಳೆಗಾಲ ಕಳೆಯುವುದಕ್ಕೆಂದು ಬಂಡೆ ಕೊರೆದು ಮಾಡಿಕೊಂಡ ಗುಡಿ ಅದು, ಒಳಗೆ ಕಣ್ಣು ಮುಚ್ಚಿ ಕುಳಿತಿರುವವನು ಬುದ್ಧ ಎಂದು ನಾನೂ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಪಾಠ ಮುಗಿಸಿ ಹೊರಗೆ ಬಂದರೆ ನನಗೂ ಅವನು ಕಣ್ಮುಚ್ಚಪ್ಪನೇ.

ಈ ಗುಡಿ ಎಲ್ಲರಿಗೂ ಒಂದೇ ದೂರದಲ್ಲಿಲ್ಲ. ಹೋಗಬೇಕೆಂದು ಬುತ್ತಿ ಕಟ್ಟಿಕೊಂಡವರು ಆ ದಿನ ಹೊತ್ತು ಮುಳುಗುವುದರೊಳಗೆ ಊರ ಬಾಗಿಲ ಬೇವಿನಕಟ್ಟೆ ದಾಟದೆ ಹೋದರೆ ಗುಡಿ ಅವರ ಪಾಲಿಗೆ ಒಂದು ಕೂಗಳತೆ ಹಿಂದಕ್ಕೆ ಸರಿಯುತ್ತದೆ. ಒಬ್ಬರು ಗಂಟಲೆತ್ತಿ ಕೂಗಿದರೆ ಇನ್ನೊಬ್ಬರಿಗೆ ಕೇಳುವಷ್ಟು ದೂರ. ಹಾಗೆ ತಪ್ಪಿಸಿಕೊಂಡವರು ಬುತ್ತಿಬಟ್ಟೆಯ ಅಂಚಿಗೆ ಒಂದು ಗಂಟು ಹಾಕಿಕೊಳ್ಳಬೇಕು, ಒಂದು ಮಳೆಗಾಲ ಕಳೆಯುವ ತನಕ ಮತ್ತೆ ಬುತ್ತಿ ಕಟ್ಟುವಂತಿಲ್ಲ. ಮುಂದೆ ಎಂದಾದರೂ ಹೊರಟಾಗ ಒಂದೊಂದು ಕೂಗಳತೆಗೂ ನಿಂತು, ಒಂದೊಂದೇ ಗಂಟು ಬಿಚ್ಚಿ, ಅದು ಯಾವುದರಿಂದ ಬಿತ್ತೋ ಅದನ್ನು ಗಟ್ಟಿಯಾಗಿ ಕೂಗಿ ಹೇಳಿ ನಡೆಯಬೇಕು. ಕೊನೆಗೆ ಕಟ್ಟಿದ್ದು ಮೊದಲು ಬಿಚ್ಚುವುದು. ಗಂಟೇ ಇಲ್ಲದವರಿಗೆ ಗುಡಿ ಕಟ್ಟೆಯ ಬೆನ್ನಿಗೇ ಇರುತ್ತದೆ.

ಇದು ಯಾಕೆ ಹೀಗೆ ಎಂದು ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ನಕ್ಷೆ ಬರೆಯಲು ಬಂದ ಸರ್ವೆಯವರು ಮೂವರು ಮೂರು ಅಳತೆ ಬರೆದುಕೊಂಡು, ತಮ್ಮತಮ್ಮಲ್ಲೇ ಕಿತ್ತಾಡಿ ಹೊರಟುಹೋದರು. ನಮ್ಮೂರು ಇವತ್ತಿಗೂ ಯಾವ ನಕ್ಷೆಯಲ್ಲೂ ಇಲ್ಲ. ನಮಗೆ ಅದರಿಂದ ಏನೂ ತೊಂದರೆಯಾಗಿಲ್ಲ, ನಮ್ಮೂರು ಎಲ್ಲಿದೆಯೆಂದು ನಮಗೆ ಗೊತ್ತು. ಸಂಬಂಧ ಕುದುರಿಸುವಾಗ ಎರಡೂ ಕಡೆಯವರು ಬುತ್ತಿಬಟ್ಟೆ ತರಿಸಿ ನೋಡುತ್ತಾರೆ. ಗಂಟು ಹತ್ತು ದಾಟಿದ್ದರೆ ಸೋಮಾರಿ ಎನ್ನುತ್ತಾರೆ. ಒಂದೂ ಇಲ್ಲದಿದ್ದರೆ ಅದಕ್ಕೂ ಮೂಗು ಮುರಿಯುತ್ತಾರೆ. ಯಾರಿಗೂ ಯಾವುದಕ್ಕೂ ನಿಲ್ಲದ ಮನುಷ್ಯ ಎಂದು. ಇಬ್ಬರು ಕೂಡಿ ಹೋಗುವುದಾದರೆ ಕಟ್ಟೆಯ ಮೇಲೆ ಕೂತು ಒಂದೇ ಬುತ್ತಿಯಿಂದ ತುತ್ತು ತಿಂದು ಹೊರಡಬೇಕು. ಒಂದೇ ಬುತ್ತಿ ಉಂಡವರಿಗೆ ಒಂದೇ ದಾರಿ, ಅದೂ ಇಬ್ಬರಲ್ಲಿ ಯಾರಿಗೆ ಹೆಚ್ಚೋ ಅವರ ದಾರಿ. ನಮ್ಮ ಹಳೆಯ ಹೆಡ್ಮಾಸ್ಟರು ಒಂಬತ್ತು ಗಂಟಿನ ಆಸಾಮಿ, ಇದನ್ನು ಮರೆತು ಮಕ್ಕಳ ಜೊತೆ ಬೇರೆ ಬುತ್ತಿ ಹಿಡಿದು ಹೊರಟರು. ಮಕ್ಕಳು ಗುಡಿ ನೋಡಿ, ಉಂಡು, ಒಂದು ನಿದ್ದೆ ತೆಗೆದು, ಕುಂಟಾಬಿಲ್ಲೆ ಆಡುತ್ತಿದ್ದಾಗ ಮೇಷ್ಟರು ಬೆವರು ಒರೆಸಿಕೊಳ್ಳುತ್ತ ಬಂದು ಹಾಜರಿ ಕರೆದರು. ಡೋಲಿಯಲ್ಲಿ ಹೊರಿಸಿಕೊಂಡು ನೋಡಿದ ಶ್ರೀಮಂತರೂ ಇದ್ದಾರೆ. ದೂರ ಕೂತವರದೇ ಹೊರತು ಹೊತ್ತವರದಲ್ಲ. ಹೊತ್ತವರು ಅರ್ಧ ದಾರಿಯಲ್ಲಿ ಇಳಿಸಿ ಬಂದರು.

ಇಂಥ ಊರಿಗೆ ನನ್ನ ಸೋದರತ್ತೆ ಚೆಲುವಾಜಮ್ಮ ಬಂದದ್ದು ನಲವತ್ತೈದು ವರ್ಷದ ಹಿಂದೆ, ಒಂದು ತಗಡಿನ ಟ್ರಂಕು, ಕೆಂಪು ಚೌಕುಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಬುತ್ತಿ ಹಿಡಿದುಕೊಂಡು. ನಮ್ಮಪ್ಪನ ಅಕ್ಕ. ಆಗ ಅವಳಿಗೆ ಇಪ್ಪತ್ತೇಳು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಮಾವ ಕಲ್ಲುಕೆಲಸದವನು, ಮದುವೆಯಾದ ಹೊಸದರಲ್ಲಿ ಕಣ್ಮುಚ್ಚಪ್ಪನ ಗುಡಿಯ ಮೆಟ್ಟಿಲು ಸರಿಮಾಡಲು ಬಂದು ತಿಂಗಳಿದ್ದು ಹೋಗಿದ್ದನಂತೆ. ಮನೆಗೆ ಹೋದವನು ಹೆಂಡತಿಗೆ ಹೇಳಿದ್ದು, ‘ಅಲ್ಲೊಂದು ಮುಖ ಐತೆ ಕಣೆ. ಅದನ್ನ ಒಂದ್ಸಲ ನೋಡಿದ್ರೆ ನಿನ್ನಂಥ ಸಿಡುಕಿ ಕೋಪಾನೂ ಇಳ್ದೋಗುತ್ತೆ. ಕರ್ಕೊಂಡೋಗ್ತೀನಿ ಇರು.’ ಕರೆದುಕೊಂಡು ಹೋಗುವ ಮೊದಲೇ ಅವನು ಹೋದ. ಗಂಡ ನೋಡಿದ ಆ ಮುಖವನ್ನು ತಾನೂ ಒಂದು ಸಲ ನೋಡಬೇಕು ಎನ್ನುವುದೊಂದೇ ಅತ್ತೆಯ ಆಸೆ. ನೋಡಿಕೊಂಡು ಮಾರನೆಯ ದಿನ ಊರಿಗೆ ಹೊರಟುಬಿಡುವುದು ಎಂದು ಬಂದವಳು.

ಬಸ್ಸಿಳಿದಾಗ ಗುಡಿಯ ಬಂಡೆ ಬೇವಿನಕಟ್ಟೆಯ ಬೆನ್ನಿಗೇ ಕಂಡಿತಂತೆ, ಕೈ ಚಾಚಿದರೆ ಸಿಗುವ ಹಾಗೆ. ಟ್ರಂಕು ತಮ್ಮನ ಮನೆಯಲ್ಲಿಟ್ಟು ಕಾಲು ತೊಳೆದುಕೊಂಡು ಬಂದರಾಯಿತು ಎಂದು ಮನೆಗೆ ಬಂದಳು. ಬಂದರೆ ಮನೆಯಲ್ಲಿ ನಮ್ಮಮ್ಮನಿಗೆ ಹೆರಿಗೆನೋವು. ಊರಲ್ಲಿ ಸೂಲಗಿತ್ತಿಯಿಲ್ಲ, ಅಪ್ಪ ಬೀಗ ರಿಪೇರಿಗೆಂದು ಪಕ್ಕದೂರಿಗೆ ಹೋಗಿದ್ದ. ಅತ್ತೆ ಅಲ್ಲಿಯತನಕ ಒಂದು ಹಸುವಿನ ಹೆರಿಗೆಯನ್ನೂ ನೋಡಿದವಳಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಅವಳ ಕೈಗೆ ಬಿದ್ದೆ. ಒಂಬತ್ತನೆಯ ದಿನ ಅಮ್ಮ ಹೋದಳು. ಬುತ್ತಿಬಟ್ಟೆಗೆ ಮೊದಲ ಗಂಟು ನಾನು ಹುಟ್ಟಿದ ದಿನವೇ ಬಿದ್ದಿತ್ತು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮಗುವಿನ ಬಟ್ಟೆ ಒಗೆಯಲು ಕೆರೆಗೆ ಹೋದವಳನ್ನು ಹೆಂಗಸರು ಸುತ್ತಿಕೊಂಡರು. ಏನೂ ಗೊತ್ತಿಲ್ಲದೆ ಹೆರಿಗೆ ಮಾಡಿಸಿ ಮಗುವನ್ನು ಉಳಿಸಿದವಳು ಎಂಬ ಸುದ್ದಿ ಹಬ್ಬಿತ್ತು. ಎರಡನೆಯ ವರ್ಷ ಅವಳು ಬುತ್ತಿ ಕಟ್ಟುವ ಹೊತ್ತಿಗೆ ಸರಿಯಾಗಿ ಕುಂಬಾರ ಬೀದಿಯಿಂದ ಯಾರೋ ಓಡಿಬಂದರು: ‘ಬಾ ತಾಯಿ.’ ಆಮೇಲೆ ಅದೇ ಅವಳ ಕಸುಬಾಯಿತು. ಅವಳು ಗುಡಿಗೆ ದಿನ ಗೊತ್ತು ಮಾಡುವುದಕ್ಕೂ ಊರಿನ ಯಾವುದೋ ಬಸುರಿಗೆ ನೋವು ಕಾಣಿಸಿಕೊಳ್ಳುವುದಕ್ಕೂ ಏನು ನಂಟೋ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ನಮ್ಮತ್ತೆಯ ಮಟ್ಟಿಗೆ ದೈವಕ್ಕೆ ಬೇರೆ ಕೆಲಸವೇ ಇರಲಿಲ್ಲ. ಪ್ರತಿ ಸಲವೂ ಅವಳು ಬೈದುಕೊಂಡೇ ಹೋಗುತ್ತಿದ್ದಳು. ‘ನಾಳೆ ಹುಟ್ಟಿದ್ರೆ ಏನ್ ಗಂಟು ಹೋಗ್ತಿತ್ತು ಇದರಪ್ಪಂದು’ ಎನ್ನುತ್ತ ಬೀದಿಯುದ್ದಕ್ಕೂ ಬೈಗುಳ, ಮಗು ಅತ್ತ ಮೇಲೆ ಅದೇ ಬಾಯಲ್ಲಿ ಜೋಗುಳ.

ಅವಳು ಬುತ್ತಿ ಕಟ್ಟುವ ಆ ದಿನಗಳ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಹಿಂದಿನ ದಿನವೇ ಹುಣಸೆಹಣ್ಣು ನೆನೆಹಾಕುವುದು, ಹುಚ್ಚೆಳ್ಳು ಹುರಿಯುವುದು, ಹುರಿದ ಎಳ್ಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟುವುದು. ಬೆಳಗಿನ ಜಾವಕ್ಕೆ ರಾಗಿರೊಟ್ಟಿ. ಬಾಡಿಸಿದ ಬಾಳೆಲೆಯಲ್ಲಿ ಹುಳಿಯನ್ನ ಸುತ್ತಿ, ಚೌಕುಳಿ ಬಟ್ಟೆಯ ನಾಲ್ಕು ಚುಂಗು ಎಳೆದು ಕಟ್ಟುವಾಗ ಅವಳ ಮುಖದಲ್ಲಿ ಮದುವೆಗೆ ಹೊರಟವರ ಕಳೆ ಇರುತ್ತಿತ್ತು. ಯಾರೋ ಬಂದು ಕರೆದುಕೊಂಡು ಹೋದ ಮೇಲೆ ಆ ಬುತ್ತಿಯನ್ನು ನಾನೂ ಅಪ್ಪನೂ ಹಜಾರದಲ್ಲಿ ಕೂತು ತಿನ್ನುತ್ತಿದ್ದೆವು. ಅವಳಿಗೆ ತಪ್ಪಿದ ಯಾತ್ರೆ ನಮಗೆ ಹಬ್ಬದೂಟ. ಅಷ್ಟು ರುಚಿಯಾದ ಹುಳಿಯನ್ನವನ್ನು ಆಮೇಲೆ ನಾನು ಎಲ್ಲೂ ತಿಂದಿಲ್ಲ.

ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಸಂಗತಿ ನಡೆಯಿತು. ಪಕ್ಕದ ಮನೆಯ ಸಿಂಗಾರಮ್ಮ ನನ್ನ ಜಡೆ ಹಾಕುತ್ತ, ‘ನಿಮ್ಮತ್ತೆ ಬಂದಿರೋದು ಗುಡಿ ನೋಡಕ್ಕೆ ಕಣೆ. ನೋಡಿಬಿಟ್ರೆ ಟ್ರಂಕ್ ಎತ್ಕೊಂಡು ಹೊಂಟೋಗ್ತಾಳೆ. ಆಮೇಲೆ ಇಲ್ಲಿ ಅವ್ಳಿಗೇನು ಕೆಲ್ಸ?’ ಎಂದಳು. ನಾನು ಮನೆಗೆ ಓಡಿಹೋಗಿ ನೋಡಿದೆ. ಅದು ನಿಜವೇ ಇತ್ತು. ನಮ್ಮನೆಯಲ್ಲಿ ಮರದ ಬೀರು ಇತ್ತು, ಅದರಲ್ಲಿ ಅತ್ತೆಯ ಒಂದು ಸೀರೆಯೂ ಇರಲಿಲ್ಲ. ಒಗೆದು ಮಡಿಸಿದ್ದನ್ನೆಲ್ಲ ಅವಳು ಮತ್ತೆ ಟ್ರಂಕಿಗೇ ಹಾಕುತ್ತಿದ್ದಳು. ಆ ಟ್ರಂಕು ಒಂಬತ್ತು ವರ್ಷದಿಂದ ಬಾಗಿಲ ಪಕ್ಕದಲ್ಲೇ ಕೂತಿತ್ತು.

ಅದರ ಮರುವಾರವೇ ಅವಳು ಹೊರಡುವ ದಿನ. ಯಾರೂ ಕರೆಯಲು ಬರಲಿಲ್ಲ. ಬುತ್ತಿ ಕಟ್ಟಿ ಆಯಿತು, ಸೆರಗು ಸಿಕ್ಕಿಸಿಕೊಂಡು ಆಯಿತು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಜ್ವರ ಬರುತ್ತದೆ ಎಂದು ಶಾಲೆಯ ಗೆಳತಿಯರು ಹೇಳಿದ್ದರು. ನಾನು ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿ ಎರಡೂ ಕಂಕುಳಿಗೆ ಇಟ್ಟುಕೊಂಡು ಮುಸುಕು ಹೊದ್ದು ನರಳಿದೆ. ಅತ್ತೆ ಬಂದು ಹಣೆ ಮುಟ್ಟಿದಳು. ಕೈಯನ್ನು ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ಎದ್ದು ಬುತ್ತಿ ಬಿಚ್ಚಿ, ನನ್ನನ್ನು ತೊಡೆಯ ಮೇಲೆ ಒರಗಿಸಿಕೊಂಡು ಹುಳಿಯನ್ನ ತುತ್ತು ಮಾಡಿ ತಿನ್ನಿಸಿದಳು. ಆ ದಿನ ಅವಳು ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಮೂವತ್ತಾರು ವರ್ಷ ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಊರಲ್ಲಿ ಯಾರಾದರೂ ಗಂಟು, ಬುತ್ತಿಬಟ್ಟೆ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಕಂಕುಳಿಗೆ ಹೋಗುತ್ತಿತ್ತು. ನಾನು ಓದಿದೆ, ಇಲ್ಲಿಯ ಶಾಲೆಗೇ ಟೀಚರಾದೆ, ಮದುವೆ ಬೇಡವೆಂದೆ. ವರ್ಷ ವರ್ಷ ಮಕ್ಕಳನ್ನು ಕರೆದುಕೊಂಡು ಗುಡಿಗೆ ಹೋಗಿಬರುತ್ತೇನೆ. ನನಗೆ ಗುಡಿ ಕಟ್ಟೆಯ ಬೆನ್ನಿಗೇ ಇದೆ. ಆ ಮುಖ ಹೇಗಿದೆ ಎಂದು ಹೇಳಲು ಹೊರಟರೆ ಅತ್ತೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು: ‘ಬೇಡ. ನಾನೇ ನೋಡ್ತೀನಿ.’

ಈ ವರ್ಷ ಪಟ್ಟಣದ ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕಣ್ಣಿನ ನರ ಒಣಗುತ್ತಿದೆಯಂತೆ, ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ. ಎಡಗಣ್ಣು ಹೋಗಿದೆ, ಬಲಗಣ್ಣು ಇನ್ನೊಂದು ಮಳೆಗಾಲ ತಡೆದರೆ ಹೆಚ್ಚು. ಒಳಗೆ ಕೂತಿದ್ದ ಅತ್ತೆಗೆ ಅದೆಲ್ಲ ಕೇಳಿಸಿತ್ತು. ಬಸ್ಸಿನಲ್ಲಿ ಬರುವಾಗ ಎಂದಳು, ‘ನೀಲಿ, ಈ ಕಾರ್ತಿಕಕ್ಕೆ ಹೊರಟುಬಿಡಾಣ. ಗುಡಿ ನೋಡ್ಕೊಂಡು ಮಾರನೇ ದಿನ ನಾನು ಊರಿಗೆ ಹೋಗ್ತೀನಿ. ನಮ್ಮ ಮೈದುನನ ಮಗ ಕರೀತಾನೇ ಅವ್ನೆ. ಒಂದು ಕಾಗದ ಬರ್ದಾಕು.’

‘ಯಾಕತ್ತೆ? ಇಲ್ಲೇನು ಕಮ್ಮಿಯಾಗಿದೆ?’

‘ಕಮ್ಮಿ ಏನಿಲ್ಲ. ಕಣ್ಣಿರೋಗಂಟ ನಾನು ನಿನ್ನ ನೋಡ್ಕೊಂಡೆ. ಕಣ್ಣು ಹೋದ್ಮೇಲೆ ನೀನು ನನ್ನ ನೋಡ್ಕೋಬೇಕಾಗುತ್ತೆ. ಅದು ನಂಗೆ ಬ್ಯಾಡ.’

ಅವಳು ಒಮ್ಮೆ ಬೇಡ ಎಂದರೆ ಕಣ್ಮುಚ್ಚಪ್ಪನೇ ಎದ್ದು ಬಂದರೂ ಬೇಡವೇ. ‘ಗುಡಿ ನೋಡಿಕೊಂಡು ಮಾರನೆಯ ದಿನದ ಬಸ್ಸಿಗೆ ಬರುತ್ತಾರೆ’ ಎಂದು ನಾನೇ ನನ್ನ ಕೈಯಾರೆ ಬರೆದು ಅಂಚೆಗೆ ಹಾಕಿದೆ. ಗುಡಿಗೆ ಕರೆದುಕೊಂಡು ಹೋದರೆ ಅತ್ತೆ ನನ್ನ ಕೈಬಿಟ್ಟು ಹೋಗುತ್ತಾಳೆ. ಕರೆದುಕೊಂಡು ಹೋಗದಿದ್ದರೆ ಗಂಡ ನೋಡಿದ ಮುಖವನ್ನು ನೋಡದೆಯೇ ಅವಳ ಕಣ್ಣು ಹೋಗುತ್ತದೆ. ಒಂಬತ್ತು ವರ್ಷದವಳಿಗೆ ಈರುಳ್ಳಿಯಾದರೂ ಇತ್ತು. ನಲವತ್ತೈದು ವರ್ಷದವಳಿಗೆ ಏನಿದೆ?

ಹಾಗಾಗಿ ಯಾತ್ರೆಯ ಸಿದ್ಧತೆಗೆ ಕೂತೆ. ಟೀಚರಲ್ಲವೇ, ಪಟ್ಟಿ ಬರೆಯದೆ ನನಗೆ ಆಗುವುದಿಲ್ಲ. ಮಂಡಿನೋವಿನ ಎಣ್ಣೆ, ಊರುಗೋಲು, ಕೂರುವುದಕ್ಕೆ ಗೋಣಿತಟ್ಟು, ಎರಡು ತಂಬಿಗೆ ನೀರು, ಬೆಲ್ಲ, ಹೊಸ ಚಪ್ಪಲಿ. ಹೊಸ ಚಪ್ಪಲಿ ಕಚ್ಚುತ್ತದೆಂದು ಹಳೆಯ ಚಪ್ಪಲಿಗೆ ಹೊಸ ಬಾರು. ಅತ್ತೆ ಕೇಳಿ ಕೇಳಿ ನಕ್ಕಳು: ‘ಪಟ್ಟಿ ಬೆಳೆದಷ್ಟೂ ದಾರಿ ಬೆಳೀತದೆ ಕಣೆ. ಸುಮ್ನೆ ರೊಟ್ಟಿ ತಟ್ಟು.’ ನೀನು ಬೇರೆ ಬುತ್ತಿ ಕಟ್ಟಿಕೊ, ಕಟ್ಟೆಯ ಬೆನ್ನಿಗಿರುವ ಗುಡಿಗೆ ಅಷ್ಟು ದೂರ ಯಾಕೆ ನಡೆಯುತ್ತೀಯ ಎಂದೂ ಹೇಳಿದಳು. ನಾನು ಒಂದೇ ಬುತ್ತಿ ಎಂದು ಹಟ ಹಿಡಿದೆ. ಹಟ ಅವಳಿಂದಲೇ ಕಲಿತದ್ದು. ದಾರಿಯಲ್ಲಿ ನನ್ನ ಗಂಟಿನ ಸರದಿ ಬಂದಾಗ ಅವಳು ‘ನೀಲಿಯ ಜ್ವರ’ ಎಂದು ಕೂಗುವ ಮೊದಲೇ ನಿಜ ಒಪ್ಪಿಕೊಂಡುಬಿಡಬೇಕು ಎಂಬುದು ಪಟ್ಟಿಯಲ್ಲಿ ಬರೆಯದ ನನ್ನ ಸಿದ್ಧತೆ.

ನಮ್ಮೂರಲ್ಲಿ ಬಸುರಿನ ಗುಟ್ಟೂ ಯಾತ್ರೆಯ ಗುಟ್ಟೂ ನಿಲ್ಲುವುದಿಲ್ಲ. ಬಾಳೆಲೆ ಕೊಂಡದ್ದೇ ತಡ, ಹಿಂದಿನ ದಿನ ಸಂಜೆ ಕಮ್ಮಾರ ತಿಮ್ಮಯ್ಯನ ಮೊಮ್ಮಗ ಬಂದ. ಅವನನ್ನು ಭೂಮಿಗೆ ಇಳಿಸಿದ್ದು ಅತ್ತೆಯೇ. ‘ಅಮ್ಮೋ, ನಾಳೆ ನೀವು ಧೈರ್ಯವಾಗಿ ಹೋಗಿಬನ್ನಿ. ನಮ್ಮನೇಲಿ ತುಂಬಿದ ಬಸುರಿ ಅವ್ಳೆ, ಆದ್ರೂ ನಿಮ್ಮನ್ನ ಕರೆಯಕ್ಕಿಲ್ಲ. ಆಸ್ಪತ್ರೆ ಐತಲ್ಲ’ ಎಂದ.

‘ಒಳ್ಳೇದಾಯ್ತು ಬಿಡಪ್ಪ’ ಎಂದಳು ಅತ್ತೆ. ಅವನು ಹೋದ ಮೇಲೆ ತನ್ನ ಎರಡೂ ಕೈಗಳನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದಳು. ಆಸ್ಪತ್ರೆ ಬಂದು ಹದಿನೈದು ವರ್ಷವಾಗಿದೆ. ಅವಳನ್ನು ಯಾರೂ ಓಡಿಬಂದು ಕರೆಯದೆಯೂ ಹದಿನೈದು ವರ್ಷವಾಗಿದೆ. ಬೈಯು‌ವುದಕ್ಕೆ ಜನವೇ ಇಲ್ಲದೆ ಅವಳು ಸೊರಗಿದ್ದು ಆಗಿನಿಂದಲೇ ಇರಬೇಕು. ಅಪ್ಪ ಹೋದ ಮೇಲಂತೂ ಬುತ್ತಿಯ ಮಾತನ್ನು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಬೆಳಿಗ್ಗೆ ರೊಟ್ಟಿಯ ಜೊತೆಗೆಂದು ಬುಟ್ಟಿಯಿಂದ ಈರುಳ್ಳಿ ಎತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಅತ್ತೆ ಆಚೆ ಕೋಣೆಯಲ್ಲಿ ಸೀರೆ ಉಡುತ್ತಿದ್ದಳು. ಬಾಗಿಲ ಪಕ್ಕದ ಟ್ರಂಕಿಗೆ ಹೊಸ ಹಗ್ಗ ಬಿಗಿದಿತ್ತು. ಒಂದು ಸುಳ್ಳು ಹೇಳಿದರೆ ಇನ್ನೊಂದು ಮಳೆಗಾಲ ಅವಳು ನನ್ನವಳು. ಆ ಮಳೆಗಾಲದ ಕೊನೆಗೆ ಕಣ್ಣು ಇರುವುದಿಲ್ಲ. ದೇವರಾಣೆ, ಅಷ್ಟು ತಿಳಿದೂ ನನಗೆ ಆಸೆಯಾಯಿತು. ಆಮೇಲೆ ಈರುಳ್ಳಿಯನ್ನು ಬುತ್ತಿಗೆ ಹಾಕಿ ಕಟ್ಟಿದೆ.

ಬೇವಿನಕಟ್ಟೆಯ ಕೆಳಗೆ ಬಾಷಾ ಸಾಬರ ಚಹಾದಂಗಡಿ. ಹೋಗುವವರನ್ನೆಲ್ಲ ದೂರ ಕೇಳುವುದು ಅವರ ಹಕ್ಕು. ‘ಎಷ್ಟು ದೂರ ಅಮ್ಮ?’ ಎಂದರು.

‘ಇಪ್ಪತ್ತಮೂರು ಕೂಗಳತೆ, ಸಾಬರೇ.’

‘ಯಾ ಅಲ್ಲಾ! ನನ್ನ ಮಗಂದೂ ಒಂದು ಅದ್ರಲ್ಲಿ ಐತಲ್ಲ?’

‘ಇಲ್ದೆ ಏನು? ಎರಡು ದಿನ ಸತಾಯಿಸಿದ್ದ ನಿಮ್ಮ ಮಗ.’ ಸಾಬರು ನಕ್ಕು ಇಬ್ಬರಿಗೂ ಚಹಾ ಕೊಟ್ಟರು. ಅತ್ತೆಗೆ ತಪ್ಪಿದ ದಿನಗಳೆಲ್ಲ ನನಗೆ ಬಾಯಿಪಾಠ, ಒಟ್ಟು ಇಪ್ಪತ್ತನಾಲ್ಕು. ವಯಸ್ಸಾಯಿತು, ಎಲ್ಲೋ ಎಣಿಕೆ ತಪ್ಪಿದ್ದಾಳೆ ಎಂದುಕೊಂಡೆ. ಕಟ್ಟೆಯ ಮೇಲೆ ಕೂತು ಒಂದೊಂದು ತುತ್ತು ತಿಂದು ಎದ್ದೆವು. ಕಟ್ಟೆಯ ಬೆನ್ನಿಗೆ ಇರಬೇಕಾಗಿದ್ದ ಗುಡಿ ನನಗೂ ಇರಲಿಲ್ಲ. ಕುರುಚಲು ಗಿಡಗಳ ನಡುವೆ ಬಿಳಿಯ ಕಾಲುದಾರಿ ಮಾತ್ರ ಇತ್ತು.

ಮೊದಲ ಕೂಗಳತೆಗೆ ಅತ್ತೆ ನಿಂತು ಗಂಟು ಬಿಚ್ಚಿ, ‘ತಮ್ಮ ಹೋದ!’ ಎಂದು ಕೂಗಿದಳು. ಅದು ಅಪ್ಪ ತೀರಿಕೊಂಡ ದಿನದ್ದು. ಎರಡನೆಯದು, ‘ಕಮ್ಮಾರ ತಿಮ್ಮಯ್ಯನ ಮೊಮ್ಮಗ! ಕಾಲು ಮುಂದಾಗಿ ಬಂದ, ಈಗ್ಲೂ ಹಂಗೇ ನಡೀತಾನೆ!’ ಮೂರನೆಯದು ಬಾಷಾ ಸಾಬರ ಮಗ. ನಾಲ್ಕನೆಯದಕ್ಕೆ ಅವಳಿಗೆ ಹಳೆಯ ಸಿಟ್ಟೆಲ್ಲ ಒಟ್ಟಿಗೇ ಬಂತು: ‘ಅಂಚೆ ಕರಿಯಪ್ಪನ ಎಮ್ಮೆ! ಎಮ್ಮೆಗೂ ನಾನೇ ಬೇಕಾಗಿದ್ದೆ ಆ ಮನೆಹಾಳನಿಗೆ!’ ಹೀಗೆ ಒಂದೊಂದೇ ಗಂಟು ಬಿಚ್ಚುತ್ತ ನಾವು ಹಿಂದಹಿಂದಕ್ಕೆ ನಡೆದೆವು. ಊರಲ್ಲಿ ಈಗ ಮೀಸೆ ತಿರುಗಿಸಿಕೊಂಡು ಓಡಾಡುವವರೆಲ್ಲ ಆ ದಾರಿಯಲ್ಲಿ ಒಬ್ಬೊಬ್ಬರಾಗಿ ಹಸಿಗೂಸುಗಳಾದರು. ಯಾರದು ಯಾವ ಮಳೆಯಲ್ಲಿ, ಯಾರ ಮನೆಯಲ್ಲಿ ಬಿಸಿನೀರಿಗೆ ಸೌದೆ ಇರಲಿಲ್ಲ, ಯಾವ ಗಂಡ ಮೂರ್ಛೆ ಹೋದ, ಎಲ್ಲ ನೆನಪಿತ್ತು ಅವಳಿಗೆ. ಹನ್ನೆರಡನೆಯ ಕೂಗಳತೆ ದಾಟಿದ ಮೇಲೆ ಮಂಡಿ ಹಿಡಿದುಕೊಂಡಿತು, ಎರಡು ಕಡೆ ಕೂತು ಎಣ್ಣೆ ಹಚ್ಚಿದೆ. ಹದಿನಾರರ ಹೊತ್ತಿಗೆ ದನಿ ಒಡೆಯಿತು. ಬೆಲ್ಲ ನೀರು ಕೊಟ್ಟೆ. ಕೂಗುವುದನ್ನು ಮಾತ್ರ ಬಿಡಲಿಲ್ಲ.

ಹದಿನೇಳನೆಯದು, ‘ಗಾಣದ ಸುಬ್ಬಕ್ಕನ ಅವಳಿಗಳು!’ ಆಗ ನನಗೆ ಹತ್ತು ವರ್ಷ. ಇನ್ನು ಮುಂದಿನದು ನನ್ನದೇ. ಆ ಒಂದು ಕೂಗಳತೆ ನಡೆಯುವುದರೊಳಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಅತ್ತೆ ನಿಂತಳು, ಬೆರಳಿಂದ ತಡವಿ ಗಂಟು ಹುಡುಕಿದಳು, ಬಿಚ್ಚಿದಳು. ‘ಬಳೆಗಾರ ಹೊನ್ನಪ್ಪನ ಮಗಳು!’ ಎಂದಳು.

ಅದು ನಾನು ಎಂಟು ವರ್ಷದವಳಿದ್ದಾಗಿನದು. ನನ್ನದನ್ನು ಹಾರಿ ಮುಂದೆ ಹೋಗಿದ್ದಳು. ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ಮರೆತಿರಬೇಕು, ಮರೆತರೂ ದಾರಿ ಮರೆಯುವುದಿಲ್ಲವಲ್ಲ, ಕೊನೆಯಲ್ಲಿ ಒಂದು ಕೂಗಳತೆ ಹೆಚ್ಚಾಗಿ ಉಳಿಯುತ್ತದೆ, ಆಗ ನಾನೇ ಕೂಗುತ್ತೇನೆ ಎಂದುಕೊಂಡೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಕೊನೆಯದು ನಲವತ್ತೈದು ವರ್ಷದ ಗಂಟು, ಕಲ್ಲಾಗಿತ್ತು. ಅತ್ತೆ ಒಂದು ಬಂಡೆಯ ಮೇಲೆ ಕೂತು, ತಲೆಯ ಪಿನ್ನು ತೆಗೆದು ಎಳೆ ಎಳೆಯಾಗಿ ಬಿಡಿಸಿದಳು. ಎದ್ದು ನಿಂತು, ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದಳು: ‘ನೀಲಿ ಹುಟ್ಟಿದ್ಲು!’

ಎದುರಿನಿಂದ ಅದೇ ಮಾತು ತಿರುಗಿ ಬಂತು. ದಾರಿ ತಿರುಗುವಲ್ಲಿ ಗುಡಿಯ ಬಂಡೆ, ಮಾವ ಸರಿಮಾಡಿದ ಮೆಟ್ಟಿಲು, ಕಪ್ಪಗಿನ ಬಾಗಿಲು ಎಲ್ಲ ಎದುರಿಗೇ ಇದ್ದವು. ಇನ್ನೊಂದು ಕೂಗಳತೆ ಎಲ್ಲೂ ಉಳಿದಿರಲಿಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ‘ಅತ್ತೆ, ಒಂದು ಗಂಟು ಬಿಟ್ಟುಹೋಗಿದೆ. ನನಗೆ ಒಂಬತ್ತು ವರ್ಷ ಆಗಿದ್ದಾಗ ಜ್ವರ ಬಂತಲ್ಲ, ಅದು ಸುಳ್ಳು. ನೀನು ಹೊರಟುಹೋಗ್ತೀಯ ಅಂತ ನಾನು ಕಂಕುಳಲ್ಲಿ...’

‘ಈರುಳ್ಳಿ ಇಟ್ಕೊಂಡಿದ್ದೆ’ ಎಂದಳು ಅತ್ತೆ. ‘ಮನೆಯೆಲ್ಲ ನಾರ್ತಿತ್ತು. ದಿನಾ ನೂರು ಮೈ ಮುಟ್ಟೋ ಕೈ ಕಣೆ ಇದು, ನಿನ್ನ ಹಣೆ ತಣ್ಣಗಿದ್ದದ್ದು ಗೊತ್ತಾಗಲ್ವ? ಜ್ವರ ಬಂದೋಳಿಗೆ ಯಾರಾದ್ರೂ ಹುಳಿಯನ್ನ ತಿನ್ನಿಸ್ತಾರೇನೆ?’

‘ಗೊತ್ತಿದ್ದೂ ಯಾಕೆ ನಿಂತೆ?’

ಅತ್ತೆ ಬುತ್ತಿಯಿಂದ ಈರುಳ್ಳಿ ತೆಗೆದು ಬಂಡೆಯ ಮೇಲಿಟ್ಟು ಗುದ್ದಿ ಒಡೆದಳು, ಅರ್ಧ ನನಗೆ ಕೊಟ್ಟಳು. ‘ನನ್ನ ಬಾ ಅಂದೋರು ಬೇಕಾದಷ್ಟು ಜನ. ಮದ್ವೆ ಮಾಡ್ಕೊಂಡು ಬಾ ಅಂದ್ರು, ಗಂಡ ಸತ್ತ ಬಾ ಅಂದ್ರು, ಹೆರಿಗೆಗೆ ಬಾ ಅಂದ್ರು. ಇರು ಅಂತ ಯಾರೂ ಅಂದಿರ್ಲಿಲ್ಲ. ಒಂಬತ್ತು ವರ್ಷದ ಪಿಳ್ಳೆ ಕಂಕುಳಲ್ಲಿ ಈರುಳ್ಳಿ ಇಟ್ಕೊಂಡು ಅಂತು. ಉಳಿದೋರಿಗೆಲ್ಲ ಮನಸ್ಸು ದಾರಿ ಮೇಲಿಟ್ಟು, ಬೈಕೊಂಡು ಹೋದೆ. ಅವೆಲ್ಲ ತಪ್ಪಿದ್ದು, ಗಂಟು ಬಿದ್ವು. ಅವತ್ತು ನಂಗೆ ಗುಡಿ ತಪ್ಪಲಿಲ್ಲ ಕಣೆ, ನಾನೇ ಉಳ್ಕೊಂಡೆ. ಅದಕ್ಕೆಲ್ಲಿ ಗಂಟು?’

ಇಬ್ಬರೂ ಕೂತು ರೊಟ್ಟಿ, ಈರುಳ್ಳಿ ತಿಂದೆವು. ಕಣ್ಣೀರಿಗೆ ಈರುಳ್ಳಿಯ ನೆಪವಿತ್ತು. ಆಮೇಲೆ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಒಂದೊಂದು ಮೆಟ್ಟಿಲನ್ನೂ ಅವಳು ಅಂಗಾಲಿಂದ ಸವರಿ ನೋಡಿ ಹತ್ತಿದಳು. ಇಳಿಹೊತ್ತಿನ ಬಿಸಿಲು ಬಾಗಿಲಿಂದ ಒಳಗೆ ಬಿದ್ದಿತ್ತು. ಕಣ್ಮುಚ್ಚಪ್ಪ ಯಾವಾಗಿನಂತೆ ಕೂತಿದ್ದ, ಮೂಗಿನ ತುದಿ ಸವೆದಿದೆ, ತುಟಿಯ ಮೇಲೆ ನಗೆಯೋ ಅಲ್ಲವೋ ಎನ್ನುವಂಥ ಒಂದು ಗೆರೆ. ಅತ್ತೆ ಬಲಗಣ್ಣನ್ನು ಅವನ ಮುಖಕ್ಕೆ ನೇರ ಮಾಡಿಕೊಂಡು, ಕುತ್ತಿಗೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ನಾನು ಅವಳನ್ನು ನೋಡಿದೆ.

‘ಅವ್ರು ಹೇಳಿದ್ದು ಸುಳ್ಳು’ ಎಂದಳು ಕೊನೆಗೆ. ‘ಕೋಪ ಇಳಿಯುತ್ತೆ ಅಂದಿದ್ರು. ನಂಗೆ ಅವ್ರ ಮೇಲೇ ಕೋಪ ಬರ್ತಾ ಐತೆ. ಇಷ್ಟು ಚೆಂದದ್ದನ್ನ ನನ್ನ ಬಿಟ್ಟು ಒಬ್ರೇ ನೋಡ್ಕೊಂಡ್ರಲ್ಲ.’ ಹಾಗೆಂದು ಕಂಬಕ್ಕೆ ಒರಗಿ ಜೋರಾಗಿ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಗಂಡನಿಗಾಗಿ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬರುವಾಗ ಎಲ್ಲರಿಗೂ ದಾರಿ ಗಿಡ್ಡ. ಮೆಟ್ಟಿಲಿಳಿದು ತಿರುಗಿದರೆ ಬೇವಿನಕಟ್ಟೆ. ಬಾಷಾ ಸಾಬರು ಅತ್ತೆಯ ಕೈಲಿದ್ದ ಗಂಟಿಲ್ಲದ ಬಟ್ಟೆ ನೋಡಿ ಎರಡು ಚಹಾ ಕೊಟ್ಟರು. ಮನೆಗೆ ಬಂದು ಬೀಗ ತೆಗೆದೆ. ಟ್ರಂಕು ಹಗ್ಗ ಬಿಗಿಸಿಕೊಂಡು ಬಾಗಿಲ ಪಕ್ಕದಲ್ಲೇ ಇತ್ತು. ಅತ್ತೆ ಅದನ್ನು ಕೈಯಿಂದ ತಡವಿ, ‘ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?’ ಎಂದಳು. ಏಳೂವರೆಗೆ ಎಂದೆ. ‘ಹೂಂ’ ಎಂದು ಜಗಲಿಗೆ ಹೋಗಿ ಕೂತು ಕಾಲು ಒತ್ತಿಕೊಳ್ಳತೊಡಗಿದಳು.

ಇರು ಎಂದು ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ನಾನು ನಲವತ್ತು ಮಕ್ಕಳಿಗೆ ಪಾಠ ಹೇಳುವವಳು. ತಕ್ಕ ಮಾತು ಒಂದೂ ಹೊಳೆಯಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಗೋಡೆಗೊರಗಿ ಕೂತೆ.

‘ಅತ್ತೆ’ ಎಂದೆ, ‘ಯಾಕೋ ಜ್ವರ ಬಂದಂಗಿದೆ.’

ಅತ್ತೆ ಕಾಲು ಒತ್ತುವುದನ್ನು ನಿಲ್ಲಿಸಿದಳು. ಕೈ ಚಾಚಿ ನನ್ನ ಮುಖ ಹುಡುಕಿ ಹಣೆಯ ಮೇಲೆ ಅಂಗೈ ಇಟ್ಟಳು. ಈರುಳ್ಳಿಯ ವಾಸನೆ ಇನ್ನೂ ಇತ್ತು ಆ ಕೈಗೆ. ನನ್ನ ಹಣೆ ತಣ್ಣಗಿತ್ತು.

‘ಹೌದು ಕಣೆ, ಸುಡ್ತಾ ಐತೆ’ ಎಂದಳು. ‘ಎದ್ದು ಆ ಟ್ರಂಕಿನ ಹಗ್ಗ ಬಿಚ್ಚು. ತಳದಲ್ಲಿ ಒಂದು ಹಳೇ ಸೀರೆ ಐತೆ, ಹರ್ಕೊಂಡು ಬಾ, ಒದ್ದೆ ಪಟ್ಟಿ ಹಾಕ್ತೀನಿ. ಮಿಕ್ಕಿದ್ದನ್ನೆಲ್ಲ ಬೀರುವಿಗೆ ಜೋಡಿಸ್ಬಿಡು. ಇಂಥ ಜ್ವರ ಬೇಗ ಬಿಡೋದಲ್ಲ.’